ಕೌಲ್‌ಬಜಾರಿನ ಕ್ಯಾಸೆಟ್ ಅಂಗಡಿ: ದನಿಯನ್ನು ಅವರು ಉಳಿಸಿಕೊಡುತ್ತಾರೆ, ಹೆಸರನ್ನು ನೀವೇ ಬರೆದುಕೊಂಡು ಹೋಗಬೇಕು

ಬಳ್ಳಾರಿಯ ಕೌಲ್‌ಬಜಾರಿನ ಒಂದು ಅಡ್ಡರಸ್ತೆಯಲ್ಲಿ, ಜೀನ್ಸ್ ಹೊಲಿಯುವ ಚಿಕ್ಕ ಘಟಕವೊಂದರ ಪಕ್ಕಕ್ಕೆ, ಹಳೆಯ ಕ್ಯಾಸೆಟ್ಟುಗಳಲ್ಲಿರುವ ಹಾಡು, ನಾಟಕ, ಪುರಾಣ ಪ್ರವಚನಗಳನ್ನು ಕಂಪ್ಯೂಟರಿಗೆ ಇಳಿಸಿ ಪೆನ್‌ಡ್ರೈವಿಗೆ ಹಾಕಿಕೊಡುವ ಅಂಗಡಿಯೊಂದಿದೆ. ಟೇಪ್‌ರೆಕಾರ್ಡರ್ ಮತ್ತು ಆಂಪ್ಲಿಫೈಯರ್ ರಿಪೇರಿಯೇ ಅದರ ಮೂಲ ಕಸುಬು. ರಿಪೇರಿಗೆ ಬರುವ ಯಂತ್ರಗಳು ಕಡಿಮೆಯಾದಂತೆಲ್ಲ ಈ ಕೆಲಸ ಬೆಳೆದುಕೊಂಡಿದೆ. ಅಂಗಡಿಯ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ, ಏಕೆಂದರೆ ಮಾಲೀಕರೇ ಹಾಗೆ ಕೇಳಿಕೊಂಡಿದ್ದಾರೆ. ಅವರು ಒಬ್ಬರೇ ಕೆಲಸ ಮಾಡುವವರು, ತೊಂಬತ್ತು ನಿಮಿಷದ ಕ್ಯಾಸೆಟ್ಟನ್ನು ಇಳಿಸಲು ತೊಂಬತ್ತು ನಿಮಿಷವೇ ಬೇಕು, ಆದ್ದರಿಂದ ಹೆಸರು ಹರಡಿ ಜನ ಮುಗಿಬಿದ್ದರೆ ನಿಭಾಯಿಸುವುದು ತಮ್ಮಿಂದಾಗದು ಎಂಬುದು ಅವರ ಲೆಕ್ಕ. ಪ್ರಸಿದ್ಧಿ ಬೇಡವೆನ್ನುವ ವ್ಯಾಪಾರಿಯನ್ನು ನಾನು ನೋಡಿದ್ದು ಕಡಿಮೆ. ಕೌಲ್‌ಬಜಾರಿನಲ್ಲಿ ಟೇಪ್ ರಿಪೇರಿಯವರೆಂದು ವಿಚಾರಿಸಿದರೆ ಯಾರಾದರೂ ತೋರಿಸುತ್ತಾರೆ.

ನಾನು ಅಲ್ಲಿಗೆ ಕೊಟ್ಟದ್ದು ನನ್ನ ಸೋದರಮಾವನವರ ಟ್ರಂಕಿನಲ್ಲಿದ್ದ ಕ್ಯಾಸೆಟ್ಟುಗಳನ್ನು. ಮಾವನವರು ಹಾರ್ಮೋನಿಯಂ ಮಾಸ್ತರರು. ಸಿರುಗುಪ್ಪ, ಮಾನ್ವಿ, ಗಂಗಾವತಿ ಕಡೆಯ ಹಳ್ಳಿಗಳಲ್ಲಿ ಜಾತ್ರೆಗೆಂದು ಆಡುವ ಸಾಮಾಜಿಕ ನಾಟಕಗಳನ್ನು ಕಲಿಸುತ್ತ, ರಂಗದ ಪಕ್ಕದಲ್ಲಿ ಕುಳಿತು ಪೇಟಿ ನುಡಿಸುತ್ತ ಬದುಕು ಕಳೆದವರು. ಆ ನಾಟಕಗಳ ರೂಢಿ ನಮ್ಮ ಭಾಗದವರಿಗೆ ಗೊತ್ತಿರುವಂಥದೇ: ಗಂಡು ಪಾತ್ರಗಳನ್ನು ಊರ ಹುಡುಗರು ಮಾಡುತ್ತಾರೆ, ಹೆಣ್ಣು ಪಾತ್ರಗಳಿಗೆ ಪಟ್ಟಣದಿಂದ ಕಲಾವಿದೆಯರನ್ನು ಸಂಭಾವನೆ ಕೊಟ್ಟು ಕರೆಸುತ್ತಾರೆ, ಕರಪತ್ರದಲ್ಲಿ ನಾಟಕದ ಹೆಸರಿಗಿಂತ ಆ ಕಲಾವಿದೆಯ ಹೆಸರು ದಪ್ಪ ಅಕ್ಷರದಲ್ಲಿರುತ್ತದೆ. ಟ್ರಂಕಿನಲ್ಲಿದ್ದವುಗಳಲ್ಲಿ ಹೆಚ್ಚಿನವು ಇಂಥ ನಾಟಕಗಳ ರಾತ್ರಿಯ ದನಿಮುದ್ರಣಗಳು. ಉಳಿದವು ಅಂಗಡಿಯಲ್ಲಿ ಕೊಂಡ ಭಕ್ತಿಗೀತೆ, ಭಾವಗೀತೆಯ ಕ್ಯಾಸೆಟ್ಟುಗಳು. ಜೊತೆಗೆ ಅವರ ತಂದೆಯ ಕಾಲದ ಕೆಲವು ಗ್ರಾಮಫೋನ್ ತಟ್ಟೆಗಳೂ ಇದ್ದವು.

ಮೊದಲು ಕೆಲಸದ ಗುಣಮಟ್ಟದ ಮಾತು. ಅದರಲ್ಲಿ ನನಗೆ ದೂರುವುದಕ್ಕೆ ಹೆಚ್ಚೇನೂ ಇಲ್ಲ.

ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಕ್ಯಾಸೆಟ್ಟಿನೊಳಗಿನ ಪಟ್ಟಿ ನಾಲ್ಕು ಮಿಲಿಮೀಟರಿಗಿಂತಲೂ ಕಡಿಮೆ ಅಗಲದ್ದು, ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡುವಂಥದು. ಅಷ್ಟು ಕಿರಿದಾದ ಜಾಗದಲ್ಲಿ ಎರಡು ಬದಿಯ ಹಾಡುಗಳೂ ಅಡಗಿರಬೇಕಾದ್ದರಿಂದ, ಓದುವ ಹೆಡ್ಡಿನ ಕೋನ ಕೂದಲೆಳೆಯಷ್ಟು ತಪ್ಪಿದರೂ ತಾರಸ್ಥಾಯಿಯ ಹೊಳಪೆಲ್ಲ ಹೋಗಿ ದನಿ ಕಂಬಳಿ ಹೊದ್ದು ಹಾಡಿದಂತಾಗುತ್ತದೆ. ಬೇರೆ ಊರುಗಳಲ್ಲಿ ಇದೇ ಸೇವೆ ಕೊಡುವ ಹಲವರು ಎಲ್ಲ ಕ್ಯಾಸೆಟ್ಟುಗಳನ್ನೂ ಒಂದೇ ಡೆಕ್ಕಿಗೆ ತುರುಕಿ, ಗುಂಡಿ ಒತ್ತಿ, ಚಹಾ ಕುಡಿಯಲು ಹೋಗುತ್ತಾರೆ. ಇವರು ಹಾಗಲ್ಲ. ಪ್ರತಿ ಕ್ಯಾಸೆಟ್ಟಿನ ಮೊದಲ ಕೆಲವು ನಿಮಿಷ ಕಿವಿಗೊಟ್ಟು ಕೇಳಿ, ಚಿಕ್ಕ ಸ್ಕ್ರೂಡ್ರೈವರಿನಿಂದ ಹೆಡ್ಡಿನ ಕೋನವನ್ನು ಆ ಕ್ಯಾಸೆಟ್ಟಿಗೆ ತಕ್ಕಂತೆ ತಿರುಗಿಸಿಕೊಂಡು, ಆಮೇಲೆ ಇಳಿಸಲು ಶುರುಮಾಡುತ್ತಾರೆ. ಹೆಡ್ಡನ್ನೂ ರಬ್ಬರಿನ ರೋಲರನ್ನೂ ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸುವುದು ಪ್ರತಿ ಕ್ಯಾಸೆಟ್ಟಿಗೂ ತಪ್ಪದು. ಪಟ್ಟಿಯನ್ನು ಹೆಡ್ಡಿಗೆ ಒತ್ತಿಹಿಡಿಯುವ ಚಿಕ್ಕ ಫೆಲ್ಟ್ ತುಂಡು ಅಂಟು ಬಿಟ್ಟು ಉದುರಿದ್ದ ಕ್ಯಾಸೆಟ್ಟುಗಳಿಗೆ ಹಳೆಯ ಖಾಲಿ ಕ್ಯಾಸೆಟ್ಟುಗಳಿಂದ ತೆಗೆದ ತುಂಡನ್ನು ಕೂಡಿಸಿದರು. ಅದಕ್ಕೆ ಬೇರೆ ದುಡ್ಡು ಕೇಳಲಿಲ್ಲ. ಒರೆಸಿದ ಹತ್ತಿಗೆ ಅಂಟಿದ ಕಂದು ಬಣ್ಣವನ್ನು ತೋರಿಸಿ ಅವರು ಹೇಳಿದ ಮಾತು ನನಗೆ ಹಿಡಿಸಿತು: ಪಟ್ಟಿಯ ಮೇಲಿನ ಲೇಪವೂ ಕಬ್ಬಿಣದ ಆಕ್ಸೈಡೇ, ಸಂಡೂರಿನಿಂದ ಲಾರಿಗಳು ಹೊತ್ತು ತಂದು ನಮ್ಮ ಊರಿನ ಮೇಲೆ ಸುರಿದ ಕೆಂಪು ದೂಳೂ ಕಬ್ಬಿಣದ ಆಕ್ಸೈಡೇ, ಹಾಗಾಗಿ ಹತ್ತಿಯ ಮೇಲಿರುವುದರಲ್ಲಿ ಹಾಡೆಷ್ಟು ದೂಳೆಷ್ಟು ಎಂದು ತಮಗೂ ತಿಳಿಯುವುದಿಲ್ಲ ಎಂದರು.

ವೇಗದ ವಿಷಯದಲ್ಲಂತೂ ಅವರ ಶ್ರದ್ಧೆಯನ್ನು ಮೆಚ್ಚಲೇಬೇಕು. ಹಳ್ಳಿಯ ದನಿಮುದ್ರಣಗಳೆಲ್ಲ ಬ್ಯಾಟರಿಯಲ್ಲಿ ಓಡುತ್ತಿದ್ದ ಯಂತ್ರಗಳಲ್ಲಿ ಆದವು. ನಡುರಾತ್ರಿ ಕಳೆಯುವ ಹೊತ್ತಿಗೆ ಬ್ಯಾಟರಿ ಇಳಿದು ಮೋಟಾರು ನಿಧಾನವಾಗುತ್ತದೆ. ನಿಧಾನವಾಗಿ ತುಂಬಿಕೊಂಡದ್ದನ್ನು ಸರಿಯಾದ ವೇಗದಲ್ಲಿ ನುಡಿಸಿದಾಗ ದನಿ ಚುರುಕಾಗಿ, ಎಳಸಾಗಿ, ಗೊಂಬೆಯ ಮಾತಿನಂತೆ ಕೇಳಿಸುತ್ತದೆ. ವೇಗ ನೂರಕ್ಕೆ ಆರರಷ್ಟು ಏರಿದರೆ ಶ್ರುತಿ ಅರ್ಧ ಸ್ವರ ಏರುತ್ತದೆ. ಮಾವನವರು ಪೇಟಿಯನ್ನು ಯಾವಾಗಲೂ ಕಪ್ಪು ಎರಡರಲ್ಲೇ, ಅಂದರೆ ಎರಡನೆಯ ಕಪ್ಪು ಮನೆಯ ಶ್ರುತಿಯಲ್ಲೇ, ನುಡಿಸುತ್ತಿದ್ದರೆಂದು ನಾನು ಹೇಳಿದ್ದನ್ನೇ ಆಧಾರವಾಗಿ ಇಟ್ಟುಕೊಂಡು, ನಾಟಕದ ಮೂರನೆಯ ಅಂಕದ ಹಾಡುಗಳನ್ನೆಲ್ಲ ಆ ಶ್ರುತಿಗೆ ತಂದು ನಿಲ್ಲಿಸಿದರು. ಹೀಗೆ ತಿದ್ದಿದ ಮೇಲೆ ಕೇಳಿದಾಗ, ಹದಿನಾರರ ಹುಡುಗಿಯಂತೆ ಕೇಳುತ್ತಿದ್ದ ನಾಯಕಿಯ ದನಿ ನಡುವಯಸ್ಸಿನ, ತುಂಬಿದ, ಸ್ವಲ್ಪ ಒರಟಾದ ದನಿಯಾಗಿ ಬದಲಾಯಿತು. ಆ ಒರಟುತನದಲ್ಲೇ ಅವರ ಹಾಡಿನ ಬಲವಿದೆ.

ಅವರೊಡನೆ ನನಗೆ ಒಮ್ಮತವಾಗದೆ ಹೋದದ್ದು ಸದ್ದು ಸೋಸುವ ವಿಷಯದಲ್ಲಿ. ಗ್ರಾಹಕರು ಬೇಡವೆನ್ನದಿದ್ದರೆ ಅವರು ಕಂಪ್ಯೂಟರಿನ ತಂತ್ರಾಂಶದಿಂದ ಪಟ್ಟಿಯ ಮೊರೆತವನ್ನೂ ಹಿನ್ನೆಲೆಯ ಗದ್ದಲವನ್ನೂ ತೆಗೆದೇ ಕೊಡುತ್ತಾರೆ. ಬಹಳ ಜನರಿಗೆ ಅದೇ ಇಷ್ಟವಂತೆ. ಮೊದಲ ಕಂತಿನಲ್ಲಿ ನನಗೆ ಸಿಕ್ಕ ಕಡತಗಳಲ್ಲಿ ಹಾಡು ಸ್ವಚ್ಛವಾಗಿತ್ತು, ಆದರೆ ಯಾರೂ ಇಲ್ಲದ ಗುಡಿಸಲಿನಲ್ಲಿ ಕುಳಿತು ಹಾಡಿದಂತಿತ್ತು. ಮೊರೆತವೆಂದು ತಂತ್ರಾಂಶ ತೆಗೆದುಹಾಕಿದ್ದರಲ್ಲಿ ಸಾವಿರಾರು ಜನರ ಗುಜುಗುಜು, ಸಿಳ್ಳೆ, ಮಗುವಿನ ಅಳು, ಜನರೇಟರಿನ ಗುಡುಗು ಎಲ್ಲವೂ ಹೋಗಿದ್ದವು. ಅದೇ ಕ್ಯಾಸೆಟ್ಟನ್ನು ಸೋಸದೆ ಕೊಡಿರೆಂದು ಕೇಳಿ ಮತ್ತೆ ಇಳಿಸಿಕೊಂಡಾಗ, ಹಾಡು ಮುಗಿಯುವ ಮೊದಲೇ ಎದ್ದ ‘ಒನ್ಸ್‌ಮೋರ್’ ಕೂಗು, ಪಲ್ಲವಿಯನ್ನು ನಾಯಕಿ ಎರಡನೆಯ ಸಲ ಎತ್ತಿಕೊಂಡದ್ದು, ಮೂರನೆಯ ಸಲಕ್ಕೆ ಮಾವನವರು ಪೇಟಿಯಲ್ಲಿ ಬೇಕೆಂದೇ ತಡಮಾಡಿ ಕಾಡಿಸಿದ್ದು, ಎಲ್ಲ ಇತ್ತು. ಕಂಪನಿ ನಾಟಕಗಳ ಕಾಲದಿಂದಲೂ ನಮ್ಮಲ್ಲಿ ಹಾಡುಗಾರರ ಹೆಸರನ್ನು ಅಳೆದದ್ದು ಈ ಕೂಗಿನಿಂದಲೇ. ಅದನ್ನು ಕಸವೆಂದು ಗುಡಿಸಿಬಿಟ್ಟರೆ, ಆ ಹಾಡನ್ನು ಒಂದು ಕಾಲಕ್ಕೆ ಜನ ಬಯಸಿದ್ದರೆಂಬ ಸಾಕ್ಷಿಯೇ ಹೋಗಿಬಿಡುತ್ತದೆ. ಆದ್ದರಿಂದ ಇಲ್ಲಿಗೆ ಹೋಗುವವರು ಸೋಸದ ಪ್ರತಿಯನ್ನು ತಪ್ಪದೆ ಕೇಳಿ ಪಡೆಯಬೇಕು. ಕೇಳಿದರೆ ಕೊಡುತ್ತಾರೆ, ಹೆಚ್ಚಿನ ದರವೂ ಇಲ್ಲ.

ಸೋಸದ ಪ್ರತಿಯಲ್ಲಿ ಇನ್ನೊಂದು ಸಂಗತಿ ಹೊರಬಂತು. ನಾಟಕದ ನಡುವೆ ಹಾಡಿಗೆ ಮೆಚ್ಚಿ ಜನ ಕೊಡುವ ಆಹೇರಿಯನ್ನು ಮೈಕಿನಲ್ಲಿ ಕೂಗುವುದುಂಟು. ಇಂಥ ಊರಿನ ಇಂಥವರ ಮಗ ಇಂಥವರು ಹನ್ನೊಂದು ರೂಪಾಯಿ, ಇಂಥ ಸಾಹುಕಾರರು ಐವತ್ತೊಂದು ರೂಪಾಯಿ ಎಂದು ಅಂಕ ಅಂಕಕ್ಕೂ ಪಟ್ಟಿ ಓದುತ್ತಾರೆ. ಮೈಕು ಬಾಯಿಗೆ ಹತ್ತಿರವಿದ್ದ ಕಾರಣ ಆ ಹೆಸರುಗಳೆಲ್ಲ ಮೂವತ್ತು ವರ್ಷಗಳ ಮೇಲೂ ಸ್ಪಷ್ಟವಾಗಿ ಕೇಳುತ್ತವೆ. ಕೊಟ್ಟವರ ತಂದೆಯ ಹೆಸರು ಗೊತ್ತಾಗುತ್ತದೆ, ಊರು ಗೊತ್ತಾಗುತ್ತದೆ, ಮೊತ್ತವೂ ಗೊತ್ತಾಗುತ್ತದೆ. ಯಾರ ಹಾಡಿಗೆ ಕೊಟ್ಟರೋ ಆ ಹೆಣ್ಣುಮಗಳ ಹೆಸರು ಮಾತ್ರ ಇಡೀ ರಾತ್ರಿಯಲ್ಲಿ ಒಮ್ಮೆಯೂ ಬರುವುದಿಲ್ಲ. ‘ನಾಯಕಿಯವರ ಹಾಡಿಗೆ ಮೆಚ್ಚಿ’ ಎಂದಷ್ಟೇ ಕೂಗುತ್ತಾರೆ. ಮಾವನವರು ಕ್ಯಾಸೆಟ್ಟಿನ ಮೇಲೆ ಬರೆದದ್ದೂ ‘ಅಕ್ಕಾರ ಹಾಡು, ಎರಡನೇ ಅಂಕ’ ಎಂದು. ಯಾವ ಅಕ್ಕಾರು ಎಂದು ಅವರಿಗೆ ಬರೆಯಬೇಕೆನಿಸಲಿಲ್ಲ, ಏಕೆಂದರೆ ಆಗ ತುಂಗಭದ್ರೆಯ ಆಚೆ ಈಚೆ ಆ ಪ್ರಶ್ನೆಯನ್ನು ಕೇಳುವವರೇ ಇರಲಿಲ್ಲ. ಹೆಸರು ಉಳಿಯದೆ ಹೋದದ್ದಕ್ಕೆ ಆಕೆಯ ಪ್ರಸಿದ್ಧಿಯೇ ಕಾರಣವೆಂದು ಈಗ ನನಗನಿಸುತ್ತದೆ: ಎಲ್ಲರಿಗೂ ಗೊತ್ತಿದ್ದುದನ್ನು ಯಾರೂ ಬರೆದಿಡಲಿಲ್ಲ, ಗೊತ್ತಿದ್ದವರು ಒಬ್ಬೊಬ್ಬರಾಗಿ ಹೋದರು, ಮಾವನವರೂ ಹೋದರು. ಕರಪತ್ರವೊಂದು ಉಳಿದಿದ್ದರೆ ಸಾಕಾಗುತ್ತಿತ್ತು.

ಇದಕ್ಕೆ ತೀರ ಎದುರಾದ ಉದಾಹರಣೆ ನಮ್ಮ ದೇಶದ ದನಿಮುದ್ರಣದ ಆರಂಭದಲ್ಲೇ ಇದೆ. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎದುರು ಹಾಡಿದ ಗೌಹರ್ ಜಾನ್, ಮೂರು ನಿಮಿಷದ ಹಾಡು ಮುಗಿದೊಡನೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ತಾನೇ ಕೂಗಿ ಹೇಳುತ್ತಿದ್ದಳು. ಆ ತಟ್ಟೆಗಳನ್ನು ಅಚ್ಚು ಹಾಕುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನವರಿಗೆ ಆಕೆ ಯಾರೆಂದು ಗೊತ್ತಿಲ್ಲ, ಚೀಟಿಯಲ್ಲಿ ಯಾವ ಹೆಸರು ಬರೆಯಬೇಕೆಂದು ಕೇಳಿಸಿಕೊಂಡೇ ತಿಳಿಯಬೇಕು. ಗೊತ್ತಿಲ್ಲದವರಿಗಾಗಿ ಹೇಳಿದ ಆ ಒಂದು ವಾಕ್ಯದಿಂದ ಇವತ್ತಿಗೂ ಆ ತಟ್ಟೆಗಳಲ್ಲಿ ಹಾಡಿದವಳು ಯಾರೆಂಬ ಸಂದೇಹವಿಲ್ಲ. ಹಾಗೆಂದು ಪ್ರಸಿದ್ಧಿ ಆಕೆಯನ್ನು ಕೊನೆಯವರೆಗೆ ಕಾಯಿತೆಂದೂ ಅಲ್ಲ. ಬೆಂಕಿಪೊಟ್ಟಣಗಳ ಮೇಲೆ ಚಿತ್ರ ಅಚ್ಚಾಗುವಷ್ಟು ಹೆಸರಾಗಿದ್ದ ಗೌಹರ್ ಜಾನ್ 1928ರಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ಹೆಚ್ಚು ಸದ್ದಿಲ್ಲದೆ ತೀರಿಕೊಂಡಳು. ಆಕೆ ಕೊನೆಯುಸಿರೆಳೆದದ್ದು ನಮ್ಮ ನಾಡಿನಲ್ಲೇ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ನೆನಪಿದೆಯೋ ಕಾಣೆ.

ಈ ಹಿನ್ನೆಲೆಯಲ್ಲೇ ಅಂಗಡಿಯ ಮೇಲಿನ ನನ್ನ ದೊಡ್ಡ ಆಕ್ಷೇಪ ಹುಟ್ಟುತ್ತದೆ. ಕೆಲಸಕ್ಕೆ ತೆಗೆದುಕೊಂಡ ಕ್ಯಾಸೆಟ್ಟುಗಳು ಒಂದರೊಳಗೊಂದು ಬೆರೆಯದಿರಲೆಂದು ಅವರು ಪ್ರತಿಯೊಂದಕ್ಕೂ ಒಂದು ಸಂಖ್ಯೆಯ ಚೀಟಿ ಅಂಟಿಸುತ್ತಾರೆ. ವ್ಯವಸ್ಥೆ ಒಳ್ಳೆಯದೇ, ಆದರೆ ಚೀಟಿಯನ್ನು ಅಂಟಿಸುವುದು ಕ್ಯಾಸೆಟ್ಟಿನ ನಡುವೆ, ಅಂದರೆ ಮನೆಯವರು ಕೈಯಿಂದ ಬರೆದ ಹೆಸರಿನ ಮೇಲೆಯೇ. ಅದನ್ನು ಕೀಳಲು ಹೋದರೆ ಕೆಳಗಿನ ಬರಹವೂ ಸುಲಿದು ಬರುತ್ತದೆ. ನಮ್ಮ ಕ್ಯಾಸೆಟ್ಟುಗಳಲ್ಲಿ ಕೆಲವಕ್ಕೆ ಹಾಗಾಯಿತು. ಕಡತಗಳಿಗೆ ಅವರು ಕೊಡುವ ಹೆಸರೂ ಬರೀ ಸಂಖ್ಯೆಯೇ. ಮೊಬೈಲಿನಲ್ಲಿ ಹಾಕಿ ನುಡಿಸಿದರೆ ಹಾಡುಗಾರರ ಹೆಸರಿರಬೇಕಾದ ಸಾಲಿನಲ್ಲಿ ‘ಅನ್‌ನೋನ್ ಆರ್ಟಿಸ್ಟ್’ ಎಂದು ತೋರಿಸುತ್ತದೆ. ಕ್ಯಾಸೆಟ್ ಡಬ್ಬಿಯೊಳಗಿನ ಮಡಚಿದ ಕಾಗದದಲ್ಲಿ ಹಾಡಿನ ಸಾಲು, ಬರೆದವರು, ಹಾಡಿದವರು, ತಬಲಾ ಯಾರದು, ಕೊಳಲು ಯಾರದು ಎಂದೆಲ್ಲ ಅಚ್ಚಾಗಿರುತ್ತದೆ; ಅದನ್ನು ಒಂದು ಫೋಟೊ ತೆಗೆದು ಪೆನ್‌ಡ್ರೈವಿಗೆ ಸೇರಿಸಲು ಅರ್ಧ ನಿಮಿಷ ಸಾಕು. ಈ ಮಾತನ್ನು ನಾನು ಹೇಳಿದಾಗ ಅವರು ಬೇಸರಪಡಲಿಲ್ಲ. ‘ಸರ, ಕೇಳೋರು ಹಾಡು ಕೇಳ್ತಾರ, ಯಾರ್ ಹಾಡ್ಯಾರಂತ ಯಾರೂ ಕೇಳಂಗಿಲ್ಲ’ ಎಂದರು. ಅವರ ಅನುಭವ ಅದು, ಅಲ್ಲಗಳೆಯುವುದು ಕಷ್ಟ. ಚೀಟಿಯನ್ನು ಡಬ್ಬಿಯ ಮೇಲೆ ಅಂಟಿಸಲು ಮಾತ್ರ ಒಪ್ಪಿದ್ದಾರೆ.

ಯಾರೂ ಕೇಳುವುದಿಲ್ಲವೆಂಬ ಆ ಮಾತಿಗೆ ಅಂಗಡಿಯ ಮುಂಗಟ್ಟೆಯೇ ಪುರಾವೆ. ಅಲ್ಲಿ ಆಟೊದವರಿಗೂ ಟ್ರ್ಯಾಕ್ಟರಿನವರಿಗೂ ಹಾಡು ತುಂಬಿದ ಪೆನ್‌ಡ್ರೈವುಗಳನ್ನು ಮಾರುತ್ತಾರೆ. (ಹಕ್ಕುಸ್ವಾಮ್ಯದ ದೃಷ್ಟಿಯಿಂದ ಅದು ಸರಿಯಲ್ಲ. ಧ್ವನಿಮುದ್ರಣಕ್ಕೆ ನಮ್ಮ ಕಾನೂನಿನಲ್ಲಿ ಅರವತ್ತು ವರ್ಷಗಳ ರಕ್ಷಣೆಯಿದೆ. ನಾನಂತೂ ಕೊಳ್ಳಲಿಲ್ಲ, ಕೊಳ್ಳಿರೆಂದು ಹೇಳುವುದೂ ಇಲ್ಲ.) ಅವುಗಳಲ್ಲಿ ಹಾಡುಗಳನ್ನು ಜೋಡಿಸಿರುವುದು ನಾಯಕನಟರ ಹೆಸರಿನಲ್ಲಿ: ಅಣ್ಣಾವ್ರ ಹಾಡುಗಳು, ವಿಷ್ಣು ಹಾಡುಗಳು, ಅಂಬರೀಷ್ ಹಾಡುಗಳು. ಡಾ. ರಾಜ್‌ಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದ್ದು 1974ರಿಂದ ಈಚೆಗೆ. ಅದಕ್ಕೆ ಮೊದಲಿನ ಹತ್ತಾರು ವರ್ಷ ಅವರ ತೆರೆಯ ದನಿಯಾಗಿದ್ದವರು ಪಿ.ಬಿ. ಶ್ರೀನಿವಾಸ್. ಕಾಕಿನಾಡದಲ್ಲಿ ಹುಟ್ಟಿ, ಮದ್ರಾಸಿನಲ್ಲಿ ನೆಲೆಸಿ, ಕನ್ನಡದ ಒಂದು ಇಡೀ ತಲೆಮಾರಿನ ಪ್ರೇಮ, ವಿರಹ, ಭಕ್ತಿಗಳಿಗೆಲ್ಲ ದನಿ ಕೊಟ್ಟ ಅವರು 2013ರಲ್ಲಿ ತೀರಿಕೊಂಡರು. ಮುಂಗಟ್ಟೆಯ ಪೆನ್‌ಡ್ರೈವಿನಲ್ಲಿ ಅವರ ಹಾಡುಗಳೆಲ್ಲ ಇವೆ. ಅವರ ಹೆಸರಿನ ಕಡತಕೋಶವೊಂದೂ ಇಲ್ಲ. ಅಲ್ಲಿ ಬಂದಿದ್ದ ಹುಡುಗನೊಬ್ಬ ಆ ಹಾಡುಗಳನ್ನು ರಾಜ್‌ಕುಮಾರರೇ ಹಾಡಿದ್ದೆಂದು ನಂಬಿದ್ದ. ಆ ತಪ್ಪು ಅವನದಲ್ಲ.

ಅಂಗಡಿಯಲ್ಲಿ ಸಂಜೆಯ ಹೊತ್ತು ಒಬ್ಬರು ಬಂದು ಕೂರುವುದನ್ನು ನೋಡಿದೆ. ತೊಂಬತ್ತರ ದಶಕದಲ್ಲಿ ಇಲ್ಲಿಯ ಆರ್ಕೆಸ್ಟ್ರಾವೊಂದರಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ದನಿಯಲ್ಲಿ ಹಾಡುತ್ತಿದ್ದವರು. ಗಣೇಶನ ಹಬ್ಬದ ದಿನಗಳಲ್ಲಿ ಬಳ್ಳಾರಿಯಿಂದ ಗುಂತಕಲ್ಲಿನವರೆಗೆ, ಕನ್ನಡದಲ್ಲೂ ತೆಲುಗಿನಲ್ಲೂ ಹಾಡಿ, ಒಂದೇ ರಾತ್ರಿ ಎರಡು ಪೆಂಡಾಲುಗಳನ್ನು ಮುಗಿಸಿದ ಕಾಲ ಅವರದು. ತಮ್ಮ ಕಾರ್ಯಕ್ರಮದ ಕ್ಯಾಸೆಟ್ಟುಗಳನ್ನು ಇಲ್ಲಿಯೇ ಇಳಿಸಿಕೊಂಡಿದ್ದಾರೆ. ‘ಸ್ಟೇಜ್ ಹತ್ತಿದ್ರ ಜನ ಬಾಲು, ಬಾಲು ಅಂತ ಒದರ್ತಿದ್ರು ಸರ, ನನ್ನ ಹೆಸರು ಕಮಿಟಿಯವರಿಗೂ ಗೊತ್ತಿರ್ಲಿಲ್ಲ’ ಎಂದು ನಗುತ್ತ ಹೇಳಿದರು. ಅವರ ಮಾತಿನಲ್ಲಿ ಕಹಿ ಇರಲಿಲ್ಲ. ಇನ್ನೊಬ್ಬರ ಹೆಸರಿನ ಬಾಡಿಗೆ ಮನೆಯಲ್ಲಿ ಇದ್ದು ಬಂದವರಿಗೆ ಮನೆ ಹೋಯಿತೆಂಬ ದುಃಖ ಅಷ್ಟಾಗಿ ಇರುವುದಿಲ್ಲವೋ ಏನೋ. ತಮ್ಮ ಕಡತಗಳಿಗೆ ತಮ್ಮ ಸ್ವಂತ ಹೆಸರನ್ನು ಹಾಕಿಸಿಕೊಂಡಿರಾ ಎಂದು ಕೇಳಿದೆ. ಇಲ್ಲವೆಂದರು, ಅವೂ ಸಂಖ್ಯೆಗಳಾಗಿಯೇ ಇವೆ.

ನಮ್ಮ ಭಾಗದಲ್ಲಿ ಹೆಸರು ಉಳಿದದ್ದೇ ಇಲ್ಲವೆಂದು ಹೇಳಿದರೆ ತಪ್ಪಾದೀತು, ಉಳಿದ ಬಗೆಗಳು ಮಾತ್ರ ವಿಚಿತ್ರ. ರಾಯಚೂರು ಜಿಲ್ಲೆಯವರಾಗಿ, ಹಿಂದೂಸ್ತಾನಿ ಗಾಯನಕ್ಕೂ ವಚನಗಾಯನಕ್ಕೂ ಹೆಸರಾದ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರು ರಾಯಚೂರಿನ ರಂಗಮಂದಿರದ ಮೇಲೆ ದೊಡ್ಡದಾಗಿದೆ. ಅಲ್ಲಿ ನಡೆಯುವ ಜಯಂತಿಗಳಿಗೂ ಇಲಾಖೆಯ ಸಭೆಗಳಿಗೂ ಸಾವಿರಾರು ಜನ ಬಂದುಹೋಗುತ್ತಾರೆ, ವಿಳಾಸ ಹೇಳುವಾಗ ಆಟೊದವರೂ ಆ ಹೆಸರನ್ನು ಹೇಳುತ್ತಾರೆ, ಆದರೆ ಆ ದನಿಯನ್ನು ಕೇಳಿದವರು ಆ ಗುಂಪಿನಲ್ಲಿ ಕೆಲವರಷ್ಟೇ ಇರುತ್ತಾರೆ. ನನ್ನ ಕ್ಯಾಸೆಟ್ಟಿನ ಅಕ್ಕಾರದು ಹೆಸರಿಲ್ಲದ ದನಿ, ಅಲ್ಲಿರುವುದು ದನಿಯಿಲ್ಲದ ಹೆಸರು. ಬಳ್ಳಾರಿಯ ರಂಗಗೀತೆಗಳ ದೊಡ್ಡ ಹೆಸರಾದ ಸುಭದ್ರಮ್ಮ ಮನ್ಸೂರರು 2020ರಲ್ಲಿ ತೀರಿಕೊಂಡರು. ಅವರ ಹಾಡು ಮತ್ತು ಹೆಸರು ಎರಡೂ ಒಟ್ಟಿಗೆ ನೆನಪಿರುವ ತಲೆಮಾರು ಇನ್ನೂ ಊರಿನಲ್ಲಿದೆ, ಆದ್ದರಿಂದ ಅವರ ಕ್ಯಾಸೆಟ್ಟುಗಳು ಯಾರ ಮನೆಯಲ್ಲಾದರೂ ಇದ್ದರೆ ಈಗಲೇ ಹೊರತೆಗೆಯುವುದು ಮೇಲು. ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥಾ ಈರಮ್ಮನವರ ಸಂಗತಿಯೇ ಬೇರೆ. ಅಕ್ಷರ ಬಾರದ, ಅಲೆಮಾರಿ ಸಮುದಾಯದ ಆ ಹೆಣ್ಣುಮಗಳು ಮಹಾಕಾವ್ಯಗಳಷ್ಟು ಉದ್ದದ ಕಥನಗಳನ್ನು ಬಾಯಲ್ಲೇ ಇಟ್ಟುಕೊಂಡು ಹಾಡುತ್ತಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ಅದಕ್ಕಿಂತ ಮುಖ್ಯವಾಗಿ, ತಿಳಿದವರು ಎದುರು ಕುಳಿತು ಅವರು ಹಾಡಿದ್ದನ್ನು ಅವರ ಹೆಸರಿನಲ್ಲೇ ಬರೆದುಕೊಂಡರು. 2014ರಲ್ಲಿ ಅವರು ತೀರಿಕೊಂಡ ಮೇಲೂ ಆ ಬರಹ ಅವರನ್ನು ಗುರುತಿಸುತ್ತಿದೆ. ಅವರಂತೆಯೇ ಹಾಡುತ್ತಿದ್ದ, ಯಾರೂ ಬರೆದುಕೊಳ್ಳದ ಎಷ್ಟೋ ಮಂದಿ ಅದೇ ಹಾದಿಯಲ್ಲಿ ನಡೆದುಹೋಗಿದ್ದಾರೆ.

ಇನ್ನು ಗ್ರಾಮಫೋನ್ ತಟ್ಟೆಗಳ ಬಗ್ಗೆ ಚಿಕ್ಕದಾಗಿ: ಅವನ್ನು ಇಲ್ಲಿಗೆ ಕೊಡಬೇಡಿ. ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆಗಳ ಗೀರು ಅಗಲವಾದದ್ದು. ಅದಕ್ಕೆ ಸುಮಾರು 75 ಮೈಕ್ರಾನ್ ತುದಿಯ ಮುಳ್ಳು ಬೇಕು. ಈ ಅಂಗಡಿಯಲ್ಲಿರುವುದು ಎಲ್‌ಪಿ ತಟ್ಟೆಗಳ ಮುಳ್ಳು, ಅದರ ತುದಿ ಇದರ ಮೂರನೆಯ ಒಂದು ಪಾಲು ಮಾತ್ರ. ಅದು ಗೀರಿನ ತಳದಲ್ಲಿ ಕುಳಿತ ಕೊಳೆಯ ಮೇಲೆ ಎಳೆದಾಡಿ ಹಾಡಿಗಿಂತ ಕರಕರ ಸದ್ದನ್ನೇ ಹೆಚ್ಚು ಎತ್ತಿಕೊಳ್ಳುತ್ತದೆ. ಮಾಲೀಕರು ಇದನ್ನು ಮೊದಲೇ ಹೇಳಿದರೆನ್ನುವುದು ಅವರ ಪ್ರಾಮಾಣಿಕತೆ. ಆದರೂ ಕೇಳಿದವರಿಗೆ ಮಾಡಿಕೊಡುತ್ತಾರೆನ್ನುವುದು ಸರಿಯಲ್ಲ. ಸರಿಯಾದ ಮುಳ್ಳು ತರಿಸಿಕೊಳ್ಳುವವರೆಗೆ ಈ ಕೆಲಸವನ್ನು ನಿಲ್ಲಿಸುವುದು ಒಳ್ಳೆಯದು.

ದರದ ವಿಷಯ: ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ನೂರೈವತ್ತು ರೂಪಾಯಿ, ತೊಂಬತ್ತು ನಿಮಿಷದ್ದಕ್ಕೆ ಇನ್ನೂರು. ತುಂಡಾದ ಪಟ್ಟಿಯನ್ನು ಜೋಡಿಸಬೇಕಾದರೆ ಐವತ್ತು ರೂಪಾಯಿ ಹೆಚ್ಚು. ಬೂಷ್ಟು ಹಿಡಿದ ಕ್ಯಾಸೆಟ್ಟುಗಳನ್ನು ಮುಟ್ಟುವುದಿಲ್ಲ, ಏಕೆಂದರೆ ಆ ಬೂಷ್ಟು ಡೆಕ್ಕಿನ ಮೂಲಕ ಇತರರ ಕ್ಯಾಸೆಟ್ಟುಗಳಿಗೂ ಹರಡುತ್ತದೆ. ಮಾಡುವ ಕೆಲಸಕ್ಕೆ ಈ ದರ ಕಡಿಮೆಯೆಂದೇ ಹೇಳಬೇಕು. ಬೇರೇನೂ ಹೇಳದಿದ್ದರೆ ಎಂಪಿ3 ರೂಪದಲ್ಲಿ ಕೊಡುತ್ತಾರೆ; ಒಂದು ಗಂಟೆಯ ಹಾಡಿಗೆ ಅದು ಅರವತ್ತು ಎಂಬಿಯಷ್ಟೇ ಜಾಗ ಹಿಡಿಯುತ್ತದೆ, ಮೊಬೈಲಿನಲ್ಲಿ ಕೇಳಲು ಸಾಕು. ಕಾಪಿಡುವ ಉದ್ದೇಶವಿದ್ದರೆ ವೇವ್ ರೂಪದಲ್ಲಿ ಕೇಳಿ ಪಡೆಯಿರಿ, ಗಂಟೆಗೆ ಆರುನೂರು ಎಂಬಿಗಿಂತ ಹೆಚ್ಚು ಜಾಗ ಬೇಕಾಗುವುದರಿಂದ ದೊಡ್ಡ ಪೆನ್‌ಡ್ರೈವನ್ನು ನೀವೇ ಒಯ್ಯಬೇಕು. ಎಂಪಿ3 ಮಾಡುವಾಗ ಬಿಟ್ಟುಹೋದ ಸೂಕ್ಷ್ಮಗಳನ್ನು ಆಮೇಲೆ ಯಾವ ತಂತ್ರಾಂಶದಿಂದಲೂ ಮರಳಿ ತರಲಾಗದು. ಹೇಳಿದ ದಿನಕ್ಕೆ ಕೆಲಸ ಮುಗಿಯುವುದಿಲ್ಲ, ವಿದ್ಯುತ್ ಹೋದರೆ ಆ ಕ್ಯಾಸೆಟ್ಟನ್ನು ಮೊದಲಿನಿಂದ ಶುರುಮಾಡುತ್ತಾರೆ. ಅವಸರದವರಿಗೆ ಈ ಅಂಗಡಿ ಹೊಂದದು. ಮುಂಗಡ ಕೇಳುವುದಿಲ್ಲ. ರಸೀದಿ ಕೊಡುವುದಿಲ್ಲವೆಂಬುದು ಒಂದು ಕೊರತೆ, ಆದ್ದರಿಂದ ಕೊಟ್ಟ ಕ್ಯಾಸೆಟ್ಟುಗಳ ಪಟ್ಟಿಯನ್ನು ನೀವೇ ಎರಡು ಪ್ರತಿ ಮಾಡಿ, ಒಂದಕ್ಕೆ ಅವರ ಸಹಿ ಪಡೆದುಕೊಳ್ಳುವುದು ಒಳಿತು.

ಆ ಪಟ್ಟಿ ಬರೆಯುವಾಗ ಕ್ಯಾಸೆಟ್ಟಿನ ಮೇಲಿರುವುದನ್ನು ಇದ್ದಂತೆಯೇ, ಅಡ್ಡಹೆಸರು, ತಪ್ಪು ಕಾಗುಣಿತಗಳ ಸಮೇತ ಬರೆದುಕೊಳ್ಳಿ. ಡಬ್ಬಿಯ ಕಾಗದಗಳ ಫೋಟೊ ತೆಗೆದುಕೊಂಡು ಕಾಗದಗಳನ್ನು ಮನೆಯಲ್ಲೇ ಇಟ್ಟು ಬನ್ನಿ. ಯಾರ ಹಾಡೆಂದು ಬರೆದಿಲ್ಲದವುಗಳನ್ನು ಮನೆಯ ಹಿರಿಯರಿಗೆ, ಸಾಧ್ಯವಾದರೆ ಆ ಊರಿನವರಿಗೆ ಕೇಳಿಸಿ. ಸೋಸದ ಪ್ರತಿ ಕೈಗೆ ಬಂದ ಮೇಲೆ ನಾನು ಮಾಡಿದ್ದೂ ಅದನ್ನೇ: ಆಹೇರಿ ಕೂಗಿದ ಹೆಸರುಗಳಿಂದ ಸಿರುಗುಪ್ಪ ತಾಲ್ಲೂಕಿನ ಒಂದು ಹಳ್ಳಿಯ ಗುರುತು ಹತ್ತಿತು, ಹನ್ನೊಂದು ರೂಪಾಯಿ ಕೊಟ್ಟವರಲ್ಲಿ ಒಬ್ಬರು ಇನ್ನೂ ಇದ್ದಾರೆ, ತಮ್ಮ ಹೆಸರನ್ನು ಕ್ಯಾಸೆಟ್ಟಿನಲ್ಲಿ ಕೇಳಿ ಬಹಳ ಸಂತೋಷಪಟ್ಟರು. ನಾಯಕಿ ಹೊಸಪೇಟೆ ಕಡೆಯವರೆಂದು ಅವರ ನೆನಪು, ಅವರ ಹೆಂಡತಿಯ ಪ್ರಕಾರ ಗದಗಿನವರು; ಹೆಸರು ಇಬ್ಬರಿಗೂ ಬರಲಿಲ್ಲ. ಅಂಗಡಿ ಬೆಳಿಗ್ಗೆ ಹನ್ನೊಂದರ ಮೇಲೆ ತೆರೆಯುತ್ತದೆ, ಅಮಾವಾಸ್ಯೆಯ ದಿನ ರಜೆ.